ಹೊರಡುವ ಹಕ್ಕಿಗಳ ಕಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿವರಾತ್ರಿಯಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜಲಾಶಯದ ವಲಸೆ ಹಕ್ಕಿಗಳನ್ನು ಕುರಿತವು. ಆದ್ದರಿಂದ ಈ ಸಂಚಿಕೆಯ ಪ್ರಶ್ನೋತ್ತರವನ್ನು ಅವಕ್ಕೇ ಮೀಸಲಿಟ್ಟು, ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಚಳಿಗಾಲದಲ್ಲಿ ಗಾಜನೂರಿನ ಹಿನ್ನೀರಿನ ಬದಿಯಲ್ಲಿ ಸಿಪಿಲೆ (ವ್ಯಾಗ್‌ಟೇಲ್), ಕವಲುತೋಕೆ (ಸ್ವಾಲೋ), ಗದ್ದೆಗೊರವಗಳನ್ನು (ಸ್ಯಾಂಡ್‌ಪೈಪರ್) ನೋಡುತ್ತೇನೆ. ಯುಗಾದಿ ಕಳೆದ ಮೇಲೆ ಅವು ಒಂದೊಂದಾಗಿ ಕಾಣೆಯಾಗುತ್ತವೆ. ವಸಂತವೆಂದರೆ ವಲಸೆ ಹಕ್ಕಿಗಳು ಬರುವ ಕಾಲ ಎಂದು ನಾನು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿದೆ. ಹಾಗಾದರೆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನಮ್ಮಲ್ಲಿ ಹಕ್ಕಿ ನೋಡಲು ಹೋಗುವುದು ವ್ಯರ್ಥವೇ? ಹೋಗುವುದಾದರೆ ಯಾವ ಜಲಾಶಯ ಒಳ್ಳೆಯದು?
– ಓದುಗರು, ಶಿವಮೊಗ್ಗ

ಉತ್ತರ: ಆ ಪುಸ್ತಕಗಳನ್ನು ಬರೆದವರು ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವ ನಾಡುಗಳಲ್ಲಿದ್ದಾರೆ; ನಾವಿರುವುದು ಅದೇ ಹಕ್ಕಿಗಳು ಚಳಿಗಾಲ ಕಳೆಯುವ ನಾಡಿನಲ್ಲಿ. ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಹೊರಟ ಹಕ್ಕಿಗಳು ಆಗಸ್ಟ್ ಕೊನೆಯಿಂದ ನಮ್ಮ ಕಡೆ ಇಳಿಯತೊಡಗುತ್ತವೆ. ಮಲೆನಾಡಿನ ಹಳ್ಳಕೊಳ್ಳಗಳಿಗೆ ಎಲ್ಲಕ್ಕಿಂತ ಮೊದಲು ತಲಪುವವುಗಳಲ್ಲಿ ಬೂದು ಸಿಪಿಲೆಯೂ ಒಂದು; ಹಸ್ತ, ಚಿತ್ತೆ ಮಳೆಗಳು ಮುಗಿಯುವ ಹೊತ್ತಿಗೆ ಉಳಿದವೂ ಬಂದು ಸೇರುತ್ತವೆ. ಫೆಬ್ರವರಿ ಕೊನೆಯಿಂದ ಮೇ ಮೊದಲ ವಾರದವರೆಗೆ ನಡೆಯುವುದು ಮರುಪ್ರಯಾಣ. ಬಾತುಗಳು ಬೇಗ ಹೊರಡುತ್ತವೆ, ಕವಲುತೋಕೆಗಳು ಏಪ್ರಿಲ್‌ವರೆಗೂ ಇರುತ್ತವೆ, ಅಡವಿ ಗದ್ದೆಗೊರವದಂಥವು ಭರಣಿ ಮಳೆಯ ಹೊತ್ತಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಯುಗಾದಿಯ ನಂತರ ನಿಮ್ಮ ಕಣ್ಣಿಗೆ ಬಿದ್ದ ಖಾಲಿತನ ಈ ಹೊರಡುವಿಕೆಯದೇ.

ಆದರೆ ವ್ಯರ್ಥವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಕ್ಕಿಯ ಮೈಬಣ್ಣ ತಿದ್ದಿಕೊಳ್ಳುವುದನ್ನು ನಮ್ಮ ಊರಿನಲ್ಲೇ ನಿಂತು ನೋಡಲು ಇರುವುದು ಈ ಎರಡು ತಿಂಗಳು ಮಾತ್ರ. ಬೂದು ಸಿಪಿಲೆಯ ಗಂಡನ್ನು ಜನವರಿಯಲ್ಲಿ ನೋಡಿದರೆ ಗಂಟಲು ಬಿಳಿಯಾಗಿರುತ್ತದೆ. ಮಾರ್ಚ್ ಬರುತ್ತಿದ್ದಂತೆ ಅಲ್ಲಿ ಕಪ್ಪು ಗರಿಗಳು ಒಂದೆರಡಾಗಿ ಮೂಡಿ, ಮೊದಲು ಮಸಿ ಚೆಲ್ಲಿದ ಹಾಗೆ ಅಸ್ತವ್ಯಸ್ತವಾಗಿದ್ದು, ಹೊರಡುವ ಹೊತ್ತಿಗೆ ಗಲ್ಲದಿಂದ ಎದೆಯ ಮೇಲ್ಭಾಗದವರೆಗೆ ಅಚ್ಚುಕಟ್ಟಾದ ಕಪ್ಪು ಪಟ್ಟಿಯಾಗುತ್ತದೆ. ಅದರ ಎರಡೂ ಬದಿಗೆ ತೆಳುವಾದ ಬಿಳಿ ಗೆರೆ, ಕೆಳಗೆ ಗಾಢವಾದ ಹಳದಿ. ಒಂದೇ ಕಲ್ಲಿನ ಮೇಲೆ ಬಂದು ಕೂರುವ ಒಂದೇ ಹಕ್ಕಿಯನ್ನು ವಾರಕ್ಕೊಮ್ಮೆ ನೋಡುತ್ತಾ ಹೋದರೆ ಈ ಬದಲಾವಣೆಯನ್ನು ಬೈನಾಕ್ಯುಲರ್‌ನಲ್ಲಿ ಸ್ಪಷ್ಟವಾಗಿ ಕಾಣಬಹುದು. ಹಳದಿ ಸಿಪಿಲೆಯ ಮಂಕು ಮೈಯೂ ಈ ಅವಧಿಯಲ್ಲೇ ಹೊಳಪೇರುತ್ತದೆ.

ಇದರ ಜೊತೆಗೆ ಹಕ್ಕಿಗಳು ತಿನ್ನುವ ರೀತಿಯೂ ಬದಲಾಗುತ್ತದೆ. ದೂರದ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಅವು ಚರ್ಮದ ಅಡಿಯಲ್ಲಿ ಕೂಡಿಟ್ಟುಕೊಳ್ಳಬೇಕು. ಕೆಲವು ಗೊರವಗಳು ಹೊರಡುವ ಮುನ್ನ ತಮ್ಮ ತೂಕವನ್ನು ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಏರಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಬಿಸಿಲು ಕಾಯುತ್ತಾ ನಿಲ್ಲುತ್ತಿದ್ದ ಹಕ್ಕಿ ಈಗ ಬೆಳಗಿನಿಂದ ಬೈಗಿನವರೆಗೆ ಕೆಸರು ಕುಟ್ಟುತ್ತಲೇ ಇರುವುದಕ್ಕೆ ಇದೇ ಕಾರಣ. ಹೊರಡುವ ಕಾಲ ಬಂತೆಂದು ಅದಕ್ಕೆ ತಿಳಿಸುವುದು ಮುಖ್ಯವಾಗಿ ಹಗಲಿನ ಉದ್ದ. ಶಿವಮೊಗ್ಗದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಜೂನ್‌ನ ಅತಿ ದೊಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಾವು ಗಮನಿಸದೇ ಬಿಡುವ ಈ ವ್ಯತ್ಯಾಸವನ್ನು ಹಕ್ಕಿಯ ದೇಹ ದಿನದಿನವೂ ಅಳೆಯುತ್ತಿರುತ್ತದೆ.

ಇನ್ನು ಸ್ಥಳದ ಮಾತು. ಗಾಜನೂರಿನ ತುಂಗಾ ಅಣೆಕಟ್ಟೆಯಲ್ಲಿ ನೀರು ಇಳಿದು ವಿಶಾಲವಾದ ಕೆಸರುಬಯಲು ತೆರೆದುಕೊಳ್ಳುವುದು ಕಡಿಮೆ. ನೀರಿನಂಚಿನಲ್ಲಿ ನಡೆದು ತಿನ್ನುವ ಗೊರವಗಳಿಗೂ, ತಲೆ ಕೆಳಗೆ ಮಾಡಿ ತಳದ ಬೇರು-ಬೀಜ ಕೀಳುವ ಬಾತುಗಳಿಗೂ ಬೇಕಾಗಿರುವುದು ಮೊಣಕಾಲುದ್ದದ ನೀರು ಮತ್ತು ನಿಧಾನವಾಗಿ ಇಳಿಜಾರಾಗುವ ದಡ. ಆಳವಾದ ನೀರು ಎಷ್ಟೇ ವಿಸ್ತಾರವಾಗಿದ್ದರೂ ಅವಕ್ಕೆ ಪ್ರಯೋಜನವಿಲ್ಲ. ಆದ್ದರಿಂದ ಅಂಜನಾಪುರ, ಅಂಬ್ಲಿಗೊಳಗಳಂಥ ನೀರಾವರಿ ಜಲಾಶಯಗಳ ಹಿಂಬದಿಯ ಅಂಚುಗಳನ್ನು, ನೀರು ಇಂಗುತ್ತಿರುವ ಸೊರಬ-ಶಿಕಾರಿಪುರ ಕಡೆಯ ದೊಡ್ಡ ಕೆರೆಗಳನ್ನು ಮೊದಲು ನೋಡಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ತುಂಬುಮಟ್ಟ ಸಮುದ್ರಮಟ್ಟದಿಂದ 1819 ಅಡಿ; ಬೇಸಿಗೆಯಲ್ಲಿ ನೀರು ಅದಕ್ಕಿಂತ ಬಹಳ ಕೆಳಗಿಳಿದಾಗ ಶರಾವತಿ ಹಿನ್ನೀರಿನ ಬದಿಯಲ್ಲಿ ಹುಲ್ಲು ಚಿಗುರಿ ದನ ಮೇಯುವ ಬಯಲುಗಳೇ ಆಗುತ್ತವೆ. ಆ ಬಯಲುಗಳ ಒದ್ದೆ ಅಂಚು ಸಿಪಿಲೆಗಳಿಗೆ ಬಹಳ ಇಷ್ಟ, ಅದರಲ್ಲೂ ದನದ ಕಾಲ ಬುಡದಲ್ಲಿ ಹುಳ ಏಳುವಲ್ಲಿ. ಹಾಗೆಂದು ಗಾಜನೂರನ್ನು ಬಿಟ್ಟುಬಿಡಬೇಡಿ. ಮನೆಗೆ ಹತ್ತಿರವಿರುವ, ಮತ್ತೆ ಮತ್ತೆ ಹೋಗಬಲ್ಲ ದಡವೇ ಈ ಕೆಲಸಕ್ಕೆ ಅತ್ಯುತ್ತಮವಾದ ದಡ. ಏಕೆಂಬುದನ್ನು ಮುಂದೆ ಶಿಕ್ಷಕರೊಬ್ಬರ ಪ್ರಶ್ನೆಗೆ ಉತ್ತರಿಸುವಾಗ ವಿವರಿಸುತ್ತೇನೆ.

ಪ್ರಶ್ನೆ: ಹೊಳೆಬಾಗಿಲಿನ ಬಳಿ ಹಿನ್ನೀರಿನ ಅಂಚಿನಲ್ಲಿ ಓಡಾಡುವ ಗೊರವಗಳೆಲ್ಲ ನನಗೆ ಒಂದೇ ತರಹ ಕಾಣುತ್ತವೆ. ಬೇರ್ಪಡಿಸುವುದು ಹೇಗೆ?
– ಓದುಗರು, ಸಾಗರ

ಉತ್ತರ: ಮೊದಲ ವರ್ಷ ಮೂರನ್ನು ಮಾತ್ರ ಕಲಿಯಿರಿ, ನಿಮ್ಮ ಅಂಚಿನಲ್ಲಿ ಕಾಣುವ ಚಿಕ್ಕ ಗೊರವಗಳಲ್ಲಿ ಬಹುಪಾಲು ಇವೇ ಇರುತ್ತವೆ. ಸಾಮಾನ್ಯ ಗದ್ದೆಗೊರವ ನಿಂತಲ್ಲೂ ನಡೆಯುವಾಗಲೂ ಹಿಂಭಾಗವನ್ನು ಎಡೆಬಿಡದೆ ಕುಣಿಸುತ್ತದೆ. ಅದರ ಎದೆಯ ಬಿಳುಪು ರೆಕ್ಕೆಯ ಮುಂದಿನಿಂದ ಭುಜದ ಕಡೆಗೆ ಬೆಣೆಯಂತೆ ಮೇಲೇರಿರುತ್ತದೆ, ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ ರೆಕ್ಕೆಯನ್ನು ಬಿಗಿಹಿಡಿದು ಹೋಗುತ್ತದೆ. ಹಸಿರು ಗದ್ದೆಗೊರವದ ಬೆನ್ನು ದೂರದಿಂದ ಕಪ್ಪೆಂದೇ ತೋರುವಷ್ಟು ಗಾಢ. ಅದು ಸಾಮಾನ್ಯವಾಗಿ ಒಂಟಿ, ಹೆದರಿದೊಡನೆ ಕೂಗುತ್ತಾ ನೆಟ್ಟಗೆ ಮೇಲಕ್ಕೇರುತ್ತದೆ, ಆಗ ಸೊಂಟದ ಅಚ್ಚ ಬಿಳುಪು ಮತ್ತು ರೆಕ್ಕೆಯಡಿಯ ಕಪ್ಪು ಎರಡೂ ಒಟ್ಟಿಗೆ ಕಾಣುತ್ತವೆ. ಅಡವಿ ಗದ್ದೆಗೊರವದ ಬೆನ್ನಿನ ತುಂಬ ತಿಳಿ ಚುಕ್ಕೆ, ಕಣ್ಣಿನ ಹಿಂದಿನವರೆಗೂ ಹರಿದ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು, ರೆಕ್ಕೆಯಡಿ ತಿಳಿಬಣ್ಣ. ಇದು ಗುಂಪಿನಲ್ಲಿರುವುದೂ ಉಂಟು.

ಗುರುತುಗಳಿಗಿಂತ ಮೊದಲು ಬೆಳಕನ್ನು ಸರಿಪಡಿಸಿಕೊಳ್ಳಿ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುವಂತೆ ಪೂರ್ವದ ದಡದಲ್ಲಿ ನಿಂತು ಪಡುವಣಕ್ಕೆ ನೋಡಬೇಕು. ಎದುರುಬೆಳಕಿನಲ್ಲಿ ಈ ಮೂರೂ ಕಪ್ಪು ಆಕೃತಿಗಳಷ್ಟೆ. ಏಪ್ರಿಲ್‌ನಲ್ಲಿ ಒಂಬತ್ತು ಗಂಟೆಯ ನಂತರ ನೀರಿನ ಮೇಲೆ ಬಿಸಿಲ್ಗುದುರೆ ಎದ್ದು, ಎಂಥ ದುಬಾರಿ ಬೈನಾಕ್ಯುಲರ್‌ನಲ್ಲೂ ಹಕ್ಕಿ ನಡುಗುವಂತೆ ಕಾಣುತ್ತದೆ. ಬೈನಾಕ್ಯುಲರ್ ಕೊಳ್ಳುವುದಾದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ್ದು ಸಾಕು. ಅದಕ್ಕಿಂತ ಹೆಚ್ಚು ಹಿಗ್ಗಿಸುವವು ಕೈಯ ಅಲುಗಾಟವನ್ನೂ ಹಿಗ್ಗಿಸುತ್ತವೆ.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ನಮ್ಮ ಮಕ್ಕಳು ಪ್ರತಿವರ್ಷ ಮೊದಲ ಸಿಪಿಲೆ ಕಂಡ ದಿನವನ್ನು ಗೋಡೆಯ ಮೇಲೆ ಬರೆದಿಡುತ್ತಾರೆ. ಬೇಸಿಗೆಯಲ್ಲೂ ಇಂಥದೇ ಉಪಯುಕ್ತ ಕೆಲಸ ಅವರಿಗೆ ಕೊಡಬಹುದೇ? ಪರೀಕ್ಷೆ, ರಜೆಗಳ ನಡುವೆ ಹೆಚ್ಚು ಸಮಯ ಸಿಗುವುದಿಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ಕೊಡಬಹುದು, ಮತ್ತು ಮೊದಲ ದಿನವನ್ನು ಬರೆಯುವುದಕ್ಕಿಂತ ಅಪರೂಪವಾದ ಕೆಲಸವನ್ನೇ ಕೊಡಬಹುದು. ಬಂದ ದಿನವನ್ನು ಗುರುತಿಸುವವರು ಬಹಳ ಮಂದಿ. ಹೋದ ದಿನವನ್ನು ಗುರುತಿಸುವವರು ತೀರ ಕಡಿಮೆ. ಕಾರಣ ಸರಳವಾಗಿದೆ. ಮೊದಲ ಸಿಪಿಲೆಯನ್ನು ಕಂಡ ಕ್ಷಣದಲ್ಲೇ ಅದು ಮೊದಲನೆಯದೆಂದು ನಮಗೆ ಗೊತ್ತಾಗುತ್ತದೆ, ಸಂತೋಷವಾಗುತ್ತದೆ, ಬರೆದಿಡುತ್ತೇವೆ. ಕೊನೆಯ ಸಿಪಿಲೆಯನ್ನು ಕಂಡಾಗ ಅದು ಕೊನೆಯದೆಂದು ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ವಾರ ಹೋಗಿ, ಹುಡುಕಿ, ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಹಿಂದಿನ ವಾರದ ಪುಟಕ್ಕೆ ಅರ್ಥ ಬರುತ್ತದೆ. ಹಿಂದಿನ ವಾರದ ಪುಟವನ್ನೇ ಬರೆದಿರದಿದ್ದರೆ ಆ ದಿನಾಂಕ ಎಂದೆಂದಿಗೂ ಕಳೆದುಹೋದಂತೆ.

ಹಾಗಾಗಿ ಮಕ್ಕಳಿಗೆ ಎರಡು ನಿಯಮಗಳನ್ನು ಹೇಳಿಕೊಡಿ. ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ವಾರಕ್ಕೆ ಒಂದು ಸಲವಾದರೂ ಹೋಗಬೇಕು. ಹಕ್ಕಿ ಕಾಣದ ದಿನವೂ ದಿನಾಂಕ ಬರೆದು 'ಇಲ್ಲ' ಎಂದು ದಾಖಲಿಸಬೇಕು. ಈ ಎರಡನೆಯದು ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಕಷ್ಟ. ಏನೂ ಕಾಣದ ಬೆಳಗನ್ನು ಬರೆದಿಡಲು ಕೈ ಏಳುವುದಿಲ್ಲ. ಆದರೆ ಒಂದು ಹಕ್ಕಿಯ ಹೊರಡುವ ದಿನವನ್ನು ನಿರ್ಧರಿಸುವುದು ಆ 'ಇಲ್ಲ'ಗಳೇ. ವಾರಕ್ಕೊಮ್ಮೆ ಹೋದವರಿಗೆ ಹಕ್ಕಿ ಯಾವ ಏಳು ದಿನಗಳ ಒಳಗೆ ಹೊರಟಿತೆಂದು ಗೊತ್ತಾಗುತ್ತದೆ, ತಿಂಗಳಿಗೊಮ್ಮೆ ಹೋದವರಿಗೆ ಏನೂ ಗೊತ್ತಾಗುವುದಿಲ್ಲ. ಹತ್ತು ಜಲಾಶಯ ಸುತ್ತಿ ಬಂದವರ ಉದ್ದನೆಯ ಪಟ್ಟಿಗಿಂತ, ಶಾಲೆಯ ಹಿಂದಿನ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಿಂತು ಬರೆದ ಇಂಥ ಪುಸ್ತಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೊದಲ ಪ್ರಶ್ನೆ ಕೇಳಿದ ಶಿವಮೊಗ್ಗದ ಓದುಗರಿಗೆ ಗಾಜನೂರನ್ನು ಬಿಡಬೇಡಿ ಎಂದದ್ದು ಈ ಕಾರಣಕ್ಕೆ.

ಎಲ್ಲ ಹಕ್ಕಿಗಳನ್ನೂ ಹಿಂಬಾಲಿಸಬೇಕಾಗಿಲ್ಲ. ಸುಲಭವಾಗಿ ಗುರುತು ಸಿಗುವ ಬೂದು ಸಿಪಿಲೆ, ಕವಲುತೋಕೆ, ಸಾಮಾನ್ಯ ಗದ್ದೆಗೊರವ ಈ ಮೂರು ಸಾಕು. ಕವಲುತೋಕೆಯ ವಿಷಯದಲ್ಲಿ ಸಂಖ್ಯೆಯನ್ನೂ ಬರೆಸಿ. ಸಂಜೆ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಅವುಗಳನ್ನು ಎಣಿಸುವುದು ಸುಲಭ. ಎರಡು ಕಂಬಗಳ ನಡುವೆ ಕುಳಿತವನ್ನು ಎಣಿಸಿ, ಅಷ್ಟೇ ಉದ್ದದ ತಂತಿಗಳೆಷ್ಟಿವೆ ಎಂದು ಗುಣಿಸಿದರೆ ಒಪ್ಪತಕ್ಕ ಅಂದಾಜು ಸಿಗುತ್ತದೆ. ಆದರೆ ಒಂದು ಎಚ್ಚರಿಕೆ: ಮಲೆನಾಡಿನಲ್ಲಿ ವರ್ಷವಿಡೀ ಇರುವ ಬೇರೆ ಕವಲುತೋಕೆಗಳೂ ಇವೆ. ವಲಸೆ ಬರುವ ಕವಲುತೋಕೆಯ ಗಂಟಲು ಕೆಂಪು, ಅದರ ಕೆಳಗೆ ಎದೆಗೆ ಅಡ್ಡವಾಗಿ ಗಾಢ ನೀಲಿ ಪಟ್ಟಿ ಇರುತ್ತದೆ. ಸೊಂಟ ಕೆಂಪಗಿರುವುದು ಬೇರೆ ಜಾತಿ. ಅದನ್ನು ಕೂಡಿಸಿದರೆ ನಿಮ್ಮ ಹಕ್ಕಿಗಳು ಎಂದೂ ಹೊರಡದಂತೆ ಕಾಣುತ್ತವೆ.

ಈ ಬಗೆಯ ದಾಖಲೆಗಳಿಗೆ ದೇಶದಲ್ಲಿ ಬಳಕೆ ಇದೆ. 2007ರಲ್ಲಿ ಆರಂಭವಾದ ಮೈಗ್ರಂಟ್‌ವಾಚ್ ಎಂಬ ಯೋಜನೆ ಚಳಿಗಾಲದ ವಲಸೆ ಹಕ್ಕಿಗಳು ಮೊದಲು ಕಂಡ ಮತ್ತು ಕೊನೆಗೆ ಕಂಡ ದಿನಗಳನ್ನು ಜನಸಾಮಾನ್ಯರಿಂದಲೇ ಸಂಗ್ರಹಿಸಿತು. ಈಗ ಅಂಥ ದಾಖಲೆಗಳನ್ನು ಇ-ಬರ್ಡ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಸೇರಿಸಬಹುದು. ಕಂಡ ಎಲ್ಲ ಜಾತಿಗಳನ್ನೂ ಬರೆದಿದ್ದೀರಾ ಎಂದು ಅಲ್ಲಿ ಕೇಳಲಾಗುತ್ತದೆ. ಹೌದೆಂದು ಉತ್ತರಿಸಲು ಆಗುವಂತೆ, ಕಾಗೆ, ಗೊರವಂಕಗಳನ್ನೂ ಬಿಡದೆ ಪಟ್ಟಿ ಮಾಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ಪೂರ್ಣ ಪಟ್ಟಿಯಲ್ಲಿ ಸಿಪಿಲೆಯ ಹೆಸರಿಲ್ಲವೆಂದರೆ ಅದು ಅಂದು ಕಾಣಲಿಲ್ಲವೆಂದೇ ಅರ್ಥ. ಅರೆಬರೆ ಪಟ್ಟಿಯಿಂದ ಆ ತೀರ್ಮಾನಕ್ಕೆ ಬರಲಾಗದು. ರಜೆಯಲ್ಲಿ ಶಾಲೆ ಮುಚ್ಚಿದಾಗ ಕೆರೆಗೆ ಹತ್ತಿರದ ಮನೆಯ ಇಬ್ಬರು ಮಕ್ಕಳಿಗೆ ಪುಸ್ತಕವನ್ನು ಒಪ್ಪಿಸಿದರೆ ಮೇ ಮೊದಲ ವಾರದವರೆಗಿನ ಪುಟಗಳು ತುಂಬುತ್ತವೆ. ನೀರಿನ ಬಳಿಗೆ ಒಬ್ಬೊಬ್ಬರೇ ಹೋಗದಂತೆ ಮನೆಯವರಿಗೆ ತಿಳಿಸಿರಿ. ಇಳಿದ ನೀರಿನ ಹಸಿ ಕೆಸರು ಸೊಂಟದವರೆಗೂ ಹೂಳುವಂಥದಿರುತ್ತದೆ.

ಪ್ರಶ್ನೆ: ಭದ್ರಾ ಹಿನ್ನೀರಿನಲ್ಲಿ ರೀವಗಳನ್ನು (ಟರ್ನ್) ನೋಡಿದೆ. ಕೆಲವಕ್ಕೆ ಹೊಟ್ಟೆ ಕಪ್ಪಾಗಿತ್ತು, ಕೆನ್ನೆ ಮಾತ್ರ ಬೆಳ್ಳಗಿತ್ತು. ಉಳಿದವು ದೊಡ್ಡವು, ಹಳದಿ ಕೊಕ್ಕಿನವು. ಎರಡೂ ಒಂದೇ ಹಕ್ಕಿಯ ಗಂಡು-ಹೆಣ್ಣುಗಳೇ? ದೋಣಿಯಲ್ಲಿ ನಡುಗಡ್ಡೆಗೆ ಹತ್ತಿರ ಹೋಗಿ ಚಿತ್ರ ತೆಗೆಯಬಹುದೇ?
– ಓದುಗರು, ಭದ್ರಾವತಿ

ಉತ್ತರ: ಅವು ಎರಡು ಬೇರೆ ಹಕ್ಕಿಗಳು, ಮತ್ತು ಈ ಋತುವಿನಲ್ಲಿ ಅವುಗಳ ದಾರಿಯೂ ಬೇರೆ ಬೇರೆ. ಕಪ್ಪು ಹೊಟ್ಟೆ, ಬಿಳಿ ಕೆನ್ನೆ, ಕಡುಗೆಂಪು ಕೊಕ್ಕು, ಹೆಚ್ಚು ಕವಲಿಲ್ಲದ ಗಿಡ್ಡ ಬಾಲ ಇದ್ದರೆ ಅದು ಮೀಸೆ ರೀವ. ಚಳಿಗಾಲದಲ್ಲಿ ಅದರ ಹೊಟ್ಟೆಯೂ ಬಿಳಿಯೇ. ನೀವು ನೋಡಿದ್ದು ಹೊರಡಲು ಸಿದ್ಧವಾಗಿ ಬಣ್ಣ ತುಂಬಿಕೊಂಡ ಹಕ್ಕಿಗಳನ್ನು. ಅವು ನೀರಿಗೆ ಧುಮುಕುವುದು ಕಡಿಮೆ, ಮೇಲ್ಮೈಯನ್ನು ಕೊಕ್ಕಿನಿಂದ ಸವರಿ ಹುಳುಗಳನ್ನು ಎತ್ತಿಕೊಂಡು ಹೋಗುತ್ತವೆ. ಹೊಟ್ಟೆ ಕಪ್ಪಾಗಿದ್ದು ಕೊಕ್ಕು ಹಳದಿ, ಬಾಲ ಆಳವಾಗಿ ಕವಲೊಡೆದಿರುವ ಇನ್ನೊಂದು ರೀವವಿದೆ. ಅದು ದೇಶದಲ್ಲೇ ಬಹಳ ವಿರಳವಾಗಿರುವುದರಿಂದ, ಹಾಗೇನಾದರೂ ಕಂಡರೆ ದಡದಿಂದಲೇ ಚಿತ್ರ ತೆಗೆದು ಅನುಭವಿಗಳಿಗೆ ತೋರಿಸಿ.

ದಪ್ಪ ಹಳದಿ ಕೊಕ್ಕು, ಕರಿಯ ನೆತ್ತಿ, ಕೆಂಪು ಕಾಲು, ಉದ್ದ ಕವಲುಬಾಲದ ದೊಡ್ಡ ಹಕ್ಕಿಗಳು ನದಿ ರೀವಗಳು. ಅವು ಉತ್ತರಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ 186 ಅಡಿಯವರೆಗೆ ತುಂಬುವ ಭದ್ರಾ ಜಲಾಶಯ ಬೇಸಿಗೆಯಲ್ಲಿ ಇಳಿದು ನಡುಗಡ್ಡೆಗಳು ತೆರೆದುಕೊಂಡಾಗ, ಅವು ಗುಂಪುಗುಂಪಾಗಿ ಅಲ್ಲಿ ಸೇರಿ ಬರಿ ನೆಲದ ಮೇಲೆ ಚಿಕ್ಕ ತಗ್ಗು ಮಾಡಿ ಎರಡು-ಮೂರು ಮೊಟ್ಟೆಯಿಡುತ್ತವೆ. ಗೂಡೆಂಬುದೇ ಇಲ್ಲ. ಬೂದು-ಕಂದು ಚುಕ್ಕೆಯ ಮೊಟ್ಟೆ ಜಲ್ಲಿಕಲ್ಲಿನ ನಡುವೆ ಎರಡು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಬಿಸಿಲೇರಿದಾಗ ತಾಯಿ ತಂದೆ ಸರದಿಯ ಮೇಲೆ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ನಿಂತು ತಂಪು ಮಾಡುತ್ತವೆ, ರೆಕ್ಕೆಯ ನೆರಳು ಕೊಡುತ್ತವೆ.

ಈ ಕಾರಣದಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ನಡುಗಡ್ಡೆಯ ಮೇಲೆ ಇಳಿಯಲೇಬೇಡಿ. ಒಬ್ಬರು ಕಾಲಿಟ್ಟರೆ ಇಡೀ ಗುಂಪು ಮೇಲೇಳುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ನೆರಳು ಸರಿದ ಮೊಟ್ಟೆ ಕೆಲವೇ ನಿಮಿಷಗಳಲ್ಲಿ ಕೆಡಬಹುದು, ಅಷ್ಟರಲ್ಲಿ ಕಾಗೆ, ಹದ್ದುಗಳಿಗೂ ದಾರಿಯಾಗುತ್ತದೆ. ನದಿ ರೀವವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಪಾಯಕ್ಕೊಳಗಾಗಬಲ್ಲ ಜಾತಿಗಳ ಸಾಲಿಗೆ ಸೇರಿಸಿದೆ. ನೀರಿನ ಮಟ್ಟದ ಏರಿಳಿತವೇ ಅದರ ಮರಿಗಳಿಗೆ ದೊಡ್ಡ ಗಂಡಾಂತರವಾಗಿರುವಾಗ ನಮ್ಮ ಕಾಲಡಿಯ ಕಾಟವೂ ಸೇರಬಾರದು. ಹಿನ್ನೀರಿನ ಬಹುಭಾಗ ಭದ್ರಾ ಹುಲಿ ಮೀಸಲು ಪ್ರದೇಶಕ್ಕೆ ಹೊಂದಿಕೊಂಡಿರುವುದರಿಂದ ದೋಣಿಗೆ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ಒಪ್ಪಿಗೆಯ ದೋಣಿಯಲ್ಲಿ ಹೋದಾಗಲೂ ಹಕ್ಕಿಗಳು ಕತ್ತೆತ್ತಿ ನಿಂತವೆಂದರೆ ಅಲ್ಲಿಂದ ಮುಂದೆ ಹೋಗಬಾರದು. ಟಿಟ್ಟಿಭದ ವಿಷಯದಲ್ಲೂ ಇದೇ ಮಾತು: ಅದು ತಲೆಯ ಮೇಲೆ ಸುತ್ತುತ್ತಾ ಕೂಗಿದರೆ ನೀವು ಮೊಟ್ಟೆಯ ಹತ್ತಿರವಿದ್ದೀರಿ; ಬಂದ ಹೆಜ್ಜೆಯಲ್ಲೇ ಹಿಂದಿರುಗಿ.

ಪ್ರಶ್ನೆ: ಕಾಲಿಗೆ ಉಂಗುರ ತೊಡಿಸಿದ ಹಕ್ಕಿ ಕಂಡರೆ ಯಾರಿಗೆ ತಿಳಿಸಬೇಕು?
– ಓದುಗರು, ಶಿಕಾರಿಪುರ

ಉತ್ತರ: ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಬರೆಯಿರಿ, ಭಾರತದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ದಶಕಗಳಿಂದ ನಡೆಸಿಕೊಂಡು ಬಂದಿರುವ ಸಂಸ್ಥೆ ಅದು. ಉಂಗುರದ ಬಣ್ಣ, ಅದು ಯಾವ ಕಾಲಿನಲ್ಲಿದೆ, ಮೊಣಗಂಟಿನ ಮೇಲೋ ಕೆಳಗೋ, ಓದಲು ಸಿಕ್ಕ ಅಕ್ಷರ ಅಥವಾ ಅಂಕಿ, ಸ್ಥಳ ಮತ್ತು ದಿನಾಂಕ ಇಷ್ಟಿದ್ದರೆ ಸಾಕು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದು ಹೀಗೆ ಬರೆದು ತಿಳಿಸಿದವರಿಂದಲೇ ಗೊತ್ತಾಯಿತು. ಓದಲೆಂದು ಹಕ್ಕಿಯನ್ನು ಹಿಡಿಯುವ ಪ್ರಯತ್ನ ಮಾಡಬೇಡಿ.

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಮಂಡಗದ್ದೆ ಮತ್ತು ಗುಡವಿಗೆ ಮಕ್ಕಳನ್ನು ಕರೆದೊಯ್ಯಬೇಕೆಂದಿದ್ದೇವೆ. ವಲಸೆ ಹಕ್ಕಿಗಳು ಸಿಗುತ್ತವೆಯೇ?
– ಓದುಗರು, ಹೊಸನಗರ

ಉತ್ತರ: ಆ ಎರಡೂ ಪಕ್ಷಿಧಾಮಗಳು ಮಳೆಗಾಲದವು. ತುಂಗೆಯ ನಡುಗಡ್ಡೆಯಾದ ಮಂಡಗದ್ದೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳೂ, ಸೊರಬ ತಾಲ್ಲೂಕಿನ ಗುಡವಿಯ ಕೆರೆಯಲ್ಲಿ ಬಿಳಿ ಕೆಂಬರಲು ಮೊದಲಾದವೂ ಮುಂಗಾರು ಬಿದ್ದ ಮೇಲೆ ಗೂಡು ಕಟ್ಟುತ್ತವೆ. ಅವು ಹಿಮಾಲಯದ ಆಚೆಯಿಂದ ಬಂದವಲ್ಲ, ನಮ್ಮ ಸುತ್ತಲ ಕೆರೆ-ಗದ್ದೆಗಳಿಂದಲೇ ಮರಿ ಮಾಡಲು ಸೇರುವ ಹಕ್ಕಿಗಳು. ಏಪ್ರಿಲ್‌ನಲ್ಲಿ ಮರಗಳು ಹೆಚ್ಚುಕಡಿಮೆ ಬರಿದಾಗಿರುತ್ತವೆ, ಮಕ್ಕಳಿಗೆ ನಿರಾಸೆಯಾದೀತು. ಈ ರಜೆಗೆ ನಿಮ್ಮ ಊರಿನ ಹತ್ತಿರದ ಶರಾವತಿ ಹಿನ್ನೀರಿನ ಅಂಚಿಗೆ ಬೆಳಿಗ್ಗೆ ಆರೂವರೆಗೆ ಹೋಗಿ ಎಂಟೂವರೆಗೆ ಹಿಂದಿರುಗಿ. ಮಂಡಗದ್ದೆ, ಗುಡವಿಗಳನ್ನು ಜುಲೈ ಕಳೆದ ಮೇಲಿನ ಒಂದು ಭಾನುವಾರಕ್ಕೆ ಇಟ್ಟುಕೊಳ್ಳಿ.